ಗಂಧ ಎಲ್ಲಿ ಒಣಗಲಿಲ್ಲ ಎಂದು ತೋರಿಸಿ

ಪ್ರಶ್ನೆ: ನಾವು ಚಿಕ್ಕಮಗಳೂರಿನ ಏಳು ಮಂದಿ ಹವ್ಯಾಸಿಗಳು. ಎರಡು ವರ್ಷಗಳಿಂದ ಭಾನುವಾರ ಬೆಳಿಗ್ಗೆ ಕ್ಯಾಮೆರಾ ಹಿಡಿದು ಹೊರಡುತ್ತೇವೆ, ಸಂಜೆ ಒಬ್ಬರ ಮನೆಯಲ್ಲಿ ಕುಳಿತು ಫೋಟೊ ನೋಡುತ್ತೇವೆ. ಎಲ್ಲರದೂ ಒಂದೇ ಮಾತು, ‘ಸೂಪರ್’. ಬೇಸತ್ತು, ನಿಜ ಹೇಳಿ ಎಂದು ನಾನೇ ಕೇಳಿದೆ. ಮುಳ್ಳಯ್ಯನಗಿರಿಯ ನನ್ನ ಮಂಜಿನ ಚಿತ್ರ ನೋಡಿ ಗೆಳತಿಯೊಬ್ಬಳು ‘ಎಡಿಟಿಂಗ್ ಜಾಸ್ತಿಯಾಯಿತು’ ಎಂದಳು. ಕೇಳಿದ್ದು ನಾನೇ ಆದರೂ ಆ ರಾತ್ರಿ ನಿದ್ದೆ ಬರಲಿಲ್ಲ. ಮುಂದಿನ ವಾರ ಬೇಲೂರಿನ ಮದನಿಕೆಯ ಚಿತ್ರ ತೋರಿಸಿದ ಗೆಳೆಯನಿಗೆ ‘ವಾಲಿದೆಯಲ್ಲ’ ಎಂದೆ. ಆತ ನನ್ನೊಡನೆ ಮಾತು ಬಿಟ್ಟಿದ್ದಾನೆ. ತಂಡದ ಹಿರಿಯರಾದ ನಿವೃತ್ತ ಮೇಷ್ಟ್ರ ಚಿತ್ರಗಳಲ್ಲಿ ಹಸಿರು ಕಣ್ಣಿಗೆ ಚುಚ್ಚುತ್ತದೆ. ಅವರಿಗೆ ಹೇಳುವ ಧೈರ್ಯ ಯಾರಿಗೂ ಇಲ್ಲ. ಸ್ನೇಹ ಕೆಡದಂತೆ ಹೇಳುವುದು, ಮನಸ್ಸು ಕೆಡದಂತೆ ಕೇಳುವುದು ಹೇಗೆ? ನನ್ನ ಚಿತ್ರದ ಮೂಲ ಫೈಲನ್ನೂ ಎಡಿಟ್ ಮಾಡಿದ್ದನ್ನೂ ಕಳುಹಿಸಿದ್ದೇನೆ. ಮೇಷ್ಟ್ರದು, ಗೆಳೆಯನದು ಒಂದೊಂದು ಚಿತ್ರವನ್ನೂ ಅವರ ಒಪ್ಪಿಗೆ ಪಡೆದು (ಗೆಳೆಯನನ್ನು ಬೇರೊಬ್ಬರ ಮೂಲಕ ಕೇಳಿಸಿ) ಜೊತೆಗಿಟ್ಟಿದ್ದೇನೆ. ಅಂದಹಾಗೆ, ನಾನು ‘ವಾಲಿದೆಯಲ್ಲ’ ಎನ್ನುವಷ್ಟರಲ್ಲಿ ಆತ ಆ ಚಿತ್ರವನ್ನು ಸ್ಪರ್ಧೆಗೆ ಕಳುಹಿಸಿಯಾಗಿತ್ತು.

ಉತ್ತರ: ನಿಮ್ಮ ಗೆಳತಿಯ ಮಾತಿನಲ್ಲಿ ಕಟುವಾದದ್ದು ಏನೂ ಇಲ್ಲ. ಅದರ ದೋಷವೇ ಬೇರೆ. ಅದನ್ನು ಕೇಳಿಸಿಕೊಂಡು ಮಾಡುವಂಥದ್ದೇನೂ ಇಲ್ಲ. ‘ಸಾರು ಯಾಕೋ ಸರಿಯಿಲ್ಲ’ ಎಂದರೆ ಅಡುಗೆ ಮಾಡಿದವರು ಉಪ್ಪಿನ ಡಬ್ಬಿಗೆ ಕೈ ಹಾಕಬೇಕೋ, ನೀರು ಬೆರೆಸಬೇಕೋ, ಇನ್ನೊಂದು ಕುದಿ ಬರಿಸಬೇಕೋ? ದಿಕ್ಕು ತೋಚದ ಮಾತು ಕೆಲಸಕ್ಕೆ ಬರುವುದಿಲ್ಲ, ಮನಸ್ಸಿನಲ್ಲಿ ಮಾತ್ರ ಕುಳಿತುಬಿಡುತ್ತದೆ. ನಿಮ್ಮ ನಿದ್ದೆ ಕೆಟ್ಟದ್ದು ಅದರಿಂದ.

ಎರಡು ಫೈಲುಗಳನ್ನೂ ಪಕ್ಕಪಕ್ಕದಲ್ಲಿ ತೆರೆದು ನೋಡಿದೆ. ಎಡಿಟ್ ಮಾಡಿದ್ದರಲ್ಲಿ ಬೆಟ್ಟದ ಅಂಚಿನುದ್ದಕ್ಕೂ ಬಿಳಿ ಗೆರೆಯೊಂದು ಎದ್ದಿದೆ, ಯಾರೋ ಬಳಪದಿಂದ ಎಳೆದ ಹಾಗೆ. ಮಂಜು ಒದ್ದೆ ಸೌದೆಯ ಹೊಗೆಯಂತಾಗಿದೆ. ಅಂಚುಗಳನ್ನು ಎದ್ದುಕಾಣಿಸುವ ಕ್ಲಾರಿಟಿ, ಮಬ್ಬು ತೆಗೆಯುವ ಡಿಹೇಜ್, ಈ ಎರಡು ಸ್ಲೈಡರುಗಳನ್ನು ಜೊತೆಯಲ್ಲಿ ಎಳೆದರೆ ಆಗುವುದೇ ಹೀಗೆ. ಆದರೆ ನೀವು ಅವನ್ನು ಎಳೆದದ್ದೇಕೆ ಎಂಬುದಕ್ಕೆ ಉತ್ತರ ಮೂಲ ಫೈಲಿನಲ್ಲಿದೆ: ಅಲ್ಲಿ ಮಂಜು ಬೂದಿಯ ಬಣ್ಣಕ್ಕಿದೆ, ಜೀವವಿಲ್ಲ. ಕ್ಯಾಮೆರಾದೊಳಗೆ ಬೆಳಕು ಅಳೆಯುವ ಮೀಟರಿಗೆ ಎದುರಿಗಿರುವುದು ಮಂಜೋ ಡಾಂಬರೋ ತಿಳಿಯುವುದಿಲ್ಲ. ಕಂಡದ್ದನ್ನೆಲ್ಲ ನಡುಬೂದಿಗೆ ತಂದು ನಿಲ್ಲಿಸುವುದು ಅದರ ಜಾಯಮಾನ. ಚೌಕಟ್ಟಿನ ತುಂಬ ಬಿಳಿ ಇದ್ದರೆ ಅದು ಹೆದರಿ ಬೆಳಕು ತಗ್ಗಿಸುತ್ತದೆ. ಮೀಟರ್ ಹೇಳಿದ್ದಕ್ಕಿಂತ ಬೆಳಕನ್ನು ಹೆಚ್ಚು ಕಡಿಮೆ ಮಾಡುವ ಎಕ್ಸ್‌ಪೋಷರ್ ಕಾಂಪೆನ್ಸೇಷನ್ ಅನ್ನು +1ಕ್ಕೆ ಏರಿಸಿ ತೆಗೆದಿದ್ದರೆ ಮಂಜು ಮಂಜಾಗಿಯೇ ಬರುತ್ತಿತ್ತು, ಮನೆಗೆ ಬಂದು ಅದರೊಡನೆ ಗುದ್ದಾಡುವ ಅಗತ್ಯವೇ ಬೀಳುತ್ತಿರಲಿಲ್ಲ. ಅಂದರೆ ಗೆಳತಿಗೆ ಕಂಡದ್ದು ಜ್ವರ. ರೋಗ ಇದ್ದದ್ದು ಬೆಟ್ಟದ ಮೇಲೆ, ಶಟರ್ ಒತ್ತಿದ ಕ್ಷಣದಲ್ಲಿ. ಅವರ ಮಾತು ನಂಬಿ ನೀವು ಮುಂದಿನ ಬಾರಿ ಎಡಿಟಿಂಗ್ ಕಡಿಮೆ ಮಾಡಿದ್ದರೆ ಬೂದಿ ಬಣ್ಣದ ಮಂಜು ಹಾಗೆಯೇ ಉಳಿಯುತ್ತಿತ್ತು. ಆಗ ಇನ್ನೊಬ್ಬರು ‘ಯಾಕೋ ಸಪ್ಪೆ’ ಎನ್ನುತ್ತಿದ್ದರು.

ನಾನು ಹಾಸನದ ಸ್ಟುಡಿಯೊ ಒಂದರಲ್ಲಿ, ಫಿಲ್ಮ್ ತೊಳೆಯುವ ಹೈಪೋ ದ್ರಾವಣದ ವಾಸನೆ ಕುಡಿದು ಕೆಲಸ ಕಲಿತವನು. ನಮ್ಮ ಯಜಮಾನರು ಹುಡುಗರು ತಂದ ಪ್ರಿಂಟನ್ನು ಮೊದಲು ನೋಡುತ್ತಿರಲಿಲ್ಲ. ‘ನೆಗೆಟಿವ್ ತಾ’ ಎನ್ನುತ್ತಿದ್ದರು. ಅದನ್ನು ಟ್ಯೂಬ್‌ಲೈಟಿಗೆ ಹಿಡಿದು, ಕಣ್ಣು ಕಿರಿದು ಮಾಡಿ ನೋಡಿದ ಮೇಲೆಯೇ ಮಾತು. ‘ಪ್ರಿಂಟು ಕೆಟ್ಟಿದ್ದರೆ ಕತ್ತಲ ಕೋಣೆಗೆ ಹೋಗು, ನೆಗೆಟಿವ್ ಕೆಟ್ಟಿದ್ದರೆ ಸುಮ್ಮನೆ ಊಟಕ್ಕೆ ಹೋಗು.’ ಬೈಗುಳವೂ ಪಾಠವೂ ಒಂದೇ ವಾಕ್ಯದಲ್ಲಿ ಮುಗಿಯುತ್ತಿತ್ತು. ಕೆಟ್ಟದ್ದು ಎಲ್ಲಿ ಎಂದು ಮೊದಲು ಗೊತ್ತಾಗಬೇಕು. ನಿಂತ ಜಾಗದಲ್ಲೋ, ಒತ್ತಿದ ಕ್ಷಣದಲ್ಲೋ, ಆಮೇಲೆ ಪರದೆಯ ಮುಂದೋ? ನಿಮ್ಮ ಏಳೂ ಜನ ಮೂಲ ಫೈಲನ್ನು ಪಕ್ಕದಲ್ಲಿಟ್ಟುಕೊಂಡು ಮಾತಾಡಿದರೆ ಅರ್ಧ ಜಗಳ ಹುಟ್ಟುವುದೇ ಇಲ್ಲ. (‘ನಮ್ಮ ಕಾಲದಲ್ಲಿ ಎಡಿಟಿಂಗ್ ಇರಲಿಲ್ಲ’ ಎನ್ನುವ ಹಿರಿಯರನ್ನು ನಂಬಬೇಡಿ. ಮದುಮಗಳ ಮುಖದ ಮೊಡವೆಗಳನ್ನು ನೆಗೆಟಿವ್ ಮೇಲೆ ಸೀಸದ ಕಡ್ಡಿಯ ಚೂಪು ಮೊನೆಯಿಂದ ಅಳಿಸುತ್ತ ನಾನು ಎಷ್ಟೋ ರಾತ್ರಿ ಕಳೆದಿದ್ದೇನೆ. ಅದಕ್ಕೆ ‘ಟಚಿಂಗ್’ ಎನ್ನುತ್ತಿದ್ದೆವು.)

ನೀವು ಬೇಲೂರಿನಿಂದ ಒಂದು ಗಂಟೆಯೂ ಇಲ್ಲದಷ್ಟು ಹತ್ತಿರದಲ್ಲಿದ್ದೀರಿ, ಜಕಣಾಚಾರಿಯ ಕಥೆ ಗೊತ್ತೇ ಇರುತ್ತದೆ. ಆದರೂ ಒಂದು ಭಾಗವನ್ನು ನೆನಪಿಸುತ್ತೇನೆ, ಏಕೆಂದರೆ ನಾವೆಲ್ಲರೂ ಕೈ ಕತ್ತರಿಸಿಕೊಂಡದ್ದನ್ನು ನೆನಪಿಟ್ಟುಕೊಂಡು ಆ ಭಾಗವನ್ನು ಮರೆಯುತ್ತೇವೆ. ಹುಡುಗ ಬಂದು, ಈ ವಿಗ್ರಹದ ಕಲ್ಲಿನಲ್ಲಿ ದೋಷವಿದೆ ಎನ್ನುತ್ತಾನೆ. ದೋಷ ತೋರಿಸಿದರೆ ಬಲಗೈ ಕತ್ತರಿಸಿಕೊಳ್ಳುತ್ತೇನೆ ಎಂದು ಮುದುಕ ಹಟ ಹಿಡಿಯುತ್ತಾನೆ. ಆಗ ಹುಡುಗ ವಾದಕ್ಕೆ ನಿಲ್ಲುವುದಿಲ್ಲ. ವಿಗ್ರಹಕ್ಕೆಲ್ಲ ಗಂಧ ಬಳಿಸುತ್ತಾನೆ. ಎಲ್ಲ ಕಡೆ ಗಂಧ ಒಣಗುತ್ತದೆ, ಹೊಕ್ಕುಳ ಬಳಿ ಮಾತ್ರ ಹಸಿಯಾಗಿಯೇ ಉಳಿಯುತ್ತದೆ. ಅಲ್ಲಿ ಉಳಿಯಿಟ್ಟಾಗ ನೀರೂ ಕಪ್ಪೆಯೂ ಹೊರಬರುತ್ತವೆ. ಕಪ್ಪೆ ಚೆನ್ನಿಗರಾಯನ ಹೆಸರು ಅಲ್ಲಿಂದ ಬಂತು ಎಂದು ಜನ ಹೇಳುತ್ತಾರೆ. ಇದು ಐತಿಹ್ಯ, ಇತಿಹಾಸವಲ್ಲ. ಶಾಸನಗಳಲ್ಲಿ ಇರುವುದು ದಾಸೋಜ, ಚಾವಣ ಮುಂತಾದ ರೂವಾರಿಗಳ, ಅಂದರೆ ಶಿಲ್ಪಿಗಳ, ಹೆಸರು. ಆದರೆ ಕಥೆ ಕಟ್ಟಿದವರಿಗೆ ವಿಮರ್ಶೆ ಎಂದರೇನು ಎಂಬುದು ಚೆನ್ನಾಗಿ ಗೊತ್ತಿತ್ತು. ಆ ಹುಡುಗ ತನ್ನ ಅಭಿಪ್ರಾಯ ಹೇಳಲಿಲ್ಲ. ಯಾರು ಬೇಕಾದರೂ ತಾವೇ ನೋಡಿಕೊಳ್ಳಬಹುದಾದ ಪರೀಕ್ಷೆಯೊಂದನ್ನು ಮುಂದಿಟ್ಟ.

ದಾಸೋಜನ ಹೆಸರು ಬಂತಲ್ಲ, ಒಂದು ಮಾತು. ಅವರು ತಮ್ಮ ಹೆಸರನ್ನು ಕೆತ್ತಿದ್ದು ಪ್ರತಿಮೆಯ ಪೀಠದಲ್ಲಿ, ಹುಡುಕಿದವರಿಗೆ ಮಾತ್ರ ಕಾಣುವಷ್ಟು. ನೀವು ಕಳುಹಿಸಿದ ಚಿತ್ರದಲ್ಲಿ ನಿಮ್ಮ ಹೆಸರು ಆಕಾಶದ ಕಾಲು ಭಾಗ ತಿಂದಿದೆ. ದಯವಿಟ್ಟು.

ಇನ್ನು ಫೋಟೊಗೆ ಹಚ್ಚುವ ಗಂಧ. ನನ್ನ ಬಳಿ ಇರುವ ಕೆಲವನ್ನು ಹೇಳುತ್ತೇನೆ. ಚಿತ್ರವನ್ನು ಅಂಚೆಚೀಟಿಯಷ್ಟು ಚಿಕ್ಕದು ಮಾಡಿ ನೋಡಿ. ಆಗಲೂ ವಿಷಯ ಯಾವುದೆಂದು ತಿಳಿದರೆ ಚೌಕಟ್ಟಿನೊಳಗಿನ ಜೋಡಣೆ ಗಟ್ಟಿಯಾಗಿದೆ. ತಲೆಕೆಳಗು ಮಾಡಿ ನೋಡಿ. ಬೆಟ್ಟ, ಮರ, ಗುಡಿ ಎಂಬ ಹೆಸರುಗಳು ಮರೆತು ಬರೀ ಬೆಳಕು ಕತ್ತಲೆಯ ತುಂಡುಗಳು ಉಳಿಯುತ್ತವೆ, ಯಾವ ತುಂಡು ಭಾರವಾಯಿತೆಂದು ತಾನೇ ಗೊತ್ತಾಗುತ್ತದೆ. ಒಂದು ಮೂಲೆಯನ್ನು ಹೆಬ್ಬೆರಳಿನಿಂದ ಮುಚ್ಚಿ ನೋಡಿ. ಮುಚ್ಚಿದಾಗ ಚಿತ್ರ ಉಸಿರಾಡಿದರೆ ಆ ಮೂಲೆ ಬೇಡವಾಗಿತ್ತು. ಬಿಳಿ ಭಾಗಗಳ ಮೇಲೆ ಎಚ್ಚರಿಕೆ ಮಿನುಗುವ ಸೌಲಭ್ಯ ಕ್ಯಾಮೆರಾದಲ್ಲೂ ಸಾಫ್ಟ್‌ವೇರಿನಲ್ಲೂ ಇರುತ್ತದೆ, ಅದನ್ನು ಹಚ್ಚಿಟ್ಟುಕೊಳ್ಳಿ. ಜೆಪೆಗ್ ಚಿತ್ರದಲ್ಲಿ ಬಿಳಿ ತನ್ನ ಕೊನೆಯ ಅಂಕವಾದ 255ಕ್ಕೆ ಮುಟ್ಟಿದ ಮೇಲೆ ಅಲ್ಲಿ ಎಸಳೂ ಇಲ್ಲ, ಮೋಡವೂ ಇಲ್ಲ, ಬರೀ ಖಾಲಿ ಜಾಗ. ಎಡಿಟ್ ಮುಗಿದ ರಾತ್ರಿಯೇ ಯಾರಿಗೂ ತೋರಿಸಬೇಡಿ. ಅರ್ಧ ಗಂಟೆ ನೋಡುತ್ತ ಕುಳಿತರೆ ಎಂಥ ಬಣ್ಣಕ್ಕೂ ಕಣ್ಣು ಒಗ್ಗಿಬಿಡುತ್ತದೆ. ಬೆಳಿಗ್ಗೆ ಕಾಫಿ ಕುಡಿಯುತ್ತ ತೆರೆದಾಗ ‘ಅಯ್ಯೋ’ ಎನಿಸಿದರೆ, ಆ ಅಯ್ಯೋ ಎಂಬುದೇ ನಿಮ್ಮ ಮೊದಲ ವಿಮರ್ಶಕ.

ನೋಡುವ ಪರದೆಯನ್ನೂ ಅನುಮಾನಿಸಿ. ಸಂಜೆ ಮೊಬೈಲಿನಲ್ಲಿ ಕಣ್ಣಿನ ರಕ್ಷಣೆಗೆಂದು ಹಳದಿ ಛಾಯೆ ತಾನಾಗಿಯೇ ಬಂದಿರಬಹುದು, ಅದರಲ್ಲಿ ನೋಡಿ ‘ಬಣ್ಣ ಹಳದಿಯಾಯಿತು’ ಎಂದವರು ನನಗೂ ಸಿಕ್ಕಿದ್ದಾರೆ. ವಾಟ್ಸ್‌ಆ್ಯಪ್‌ನಲ್ಲಿ ಮಾಮೂಲಿಯಾಗಿ ಕಳುಹಿಸಿದ ಫೋಟೊ ಕುಗ್ಗಿ, ಹಿಂಡಿಸಿಕೊಂಡು ಬರುತ್ತದೆ. ಡಾಕ್ಯುಮೆಂಟ್ ಆಗಿ ಕಳುಹಿಸಿದರೆ ಇದ್ದ ಹಾಗೆಯೇ ತಲುಪುತ್ತದೆ. ಕುಗ್ಗಿದ ಪ್ರತಿಯನ್ನು ನೋಡಿ ‘ಶಾರ್ಪ್ ಇಲ್ಲ’ ಎನ್ನುವುದು ಫೋಟೊಕಾಪಿ ನೋಡಿ ಅಕ್ಷರ ದುಂಡಗಿಲ್ಲ ಎಂದ ಹಾಗೆ.

ಈಗ ಮೇಷ್ಟ್ರ ವಿಷಯ. ನಿಮ್ಮ ಪತ್ರದಲ್ಲಿ ನನ್ನನ್ನು ಹೆಚ್ಚು ಹಿಡಿದದ್ದು ಇದೇ. ಹೂಮಳೆ ಬಿದ್ದು ವಾರ ಹತ್ತು ದಿನಕ್ಕೆ ಬೆಳ್ಳಗಾದ ಕಾಫಿ ತೋಟದ ಅವರ ಚಿತ್ರ ನೋಡಿದೆ. ಎಲೆಗಳು ಗಿಳಿಹಸಿರು, ಹೂಗಳು ಸುಣ್ಣ ಎರಚಿದಂತೆ. ಕಾಫಿ ಎಲೆಯ ಹಸಿರು ನಿಜಕ್ಕೂ ಕಪ್ಪಿಗೆ ಹತ್ತಿರದ್ದು, ಮೇಲೆ ಮೇಣ ಸವರಿದಂಥ ಹೊಳಪು. ಅದು ತೋಟದ ಊರಿನಲ್ಲಿ ಬದುಕಿದ ಮೇಷ್ಟ್ರಿಗೆ ಗೊತ್ತಿಲ್ಲವೇ? ಗೊತ್ತಿರುತ್ತದೆ. ಹಾಗಾದರೆ ಏಕೆ ಹೀಗೆ?

ನನ್ನ ಕಥೆ ಹೇಳುತ್ತೇನೆ. ಅರವತ್ತು ದಾಟಿದ ಮೇಲೆ ನಾನು ಮುದ್ರಿಸಿದ ಚಿತ್ರಗಳಲ್ಲಿ ಆಕಾಶ ದಿನೇ ದಿನೇ ನೀಲಿಯಾಗುತ್ತ ಹೋಯಿತು. ನನಗೆ ಅದು ಸರಿಯಾಗಿಯೇ ಕಾಣುತ್ತಿತ್ತು, ಇನ್ನೂ ಸ್ವಲ್ಪ ಬೇಕೆನಿಸುತ್ತಿತ್ತು. ಆಮೇಲೆ ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆಯಾಯಿತು. ಪಟ್ಟಿ ಬಿಚ್ಚಿದ ಮರುದಿನ ಗೋಡೆಯ ಸುಣ್ಣವೇ ನೀಲಿಯಾಗಿ ಕಂಡಿತು. ವಾರದ ನಂತರ ನನ್ನ ಹಿಂದಿನ ಎರಡು ವರ್ಷದ ಆಲ್ಬಮ್ ತೆರೆದೆ. ಹೇಮಾವತಿಯ ಹಿನ್ನೀರಿನಲ್ಲಿ ನಿಂತ ಶೆಟ್ಟಿಹಳ್ಳಿಯ ಹಳೆಯ ಚರ್ಚಿನ ಹಿಂದೆ ಸೋಪಿನ ಪುಡಿಯ ಜಾಹೀರಾತಿನಂಥ ಆಕಾಶ! ವಯಸ್ಸಾದಂತೆ ಕಣ್ಣಿನ ಮಸೂರ ಹಳದಿಗಟ್ಟುತ್ತದೆ, ಬಣ್ಣಗಳು ಮಂಕಾಗುತ್ತವೆ, ಎಲ್ಲಕ್ಕಿಂತ ಮೊದಲು ನೀಲಿ. ಮಂಕಾದದ್ದನ್ನು ನಾನು ಸ್ಲೈಡರಿನಿಂದ ತುಂಬಿಸುತ್ತಿದ್ದೆ. ನನ್ನ ಜೊತೆ ಕೆಲಸ ಮಾಡುತ್ತಿದ್ದ ಹುಡುಗನನ್ನು ಕೇಳಿದೆ, ನಿನಗೆ ಕಾಣಲಿಲ್ಲವೇನೋ ಎಂದು. ‘ಮೊದಲ ದಿನದಿಂದಲೂ ಕಾಣುತ್ತಿತ್ತು ಸರ್. ನಿಮಗೆ ಹೇಗೆ ಹೇಳುವುದು ಎಂದು ಸುಮ್ಮನಿದ್ದೆ’ ಎಂದ. ಆ ಗೌರವಕ್ಕೆ ನಾನು ತೆತ್ತದ್ದು ಎರಡು ವರ್ಷದ ಚಿತ್ರಗಳನ್ನು. ಅವನ ಮೇಲೆ ಸಿಟ್ಟು ಬರಲಿಲ್ಲ. ನನ್ನ ಎದುರು ಬಾಯಿ ಬಿಡಲಾಗದಂತೆ ಅವನನ್ನು ಬೆಳೆಸಿದವನು ನಾನೇ ತಾನೆ.

ಮೇಷ್ಟ್ರಿಗೂ ಹೀಗೆಯೇ ಆಗಿದೆ ಎಂದು ನಾನು ಹೇಳುತ್ತಿಲ್ಲ. ಅವರ ಮೊಬೈಲ್ ಪರದೆ ಎದ್ದುಕಾಣುವ ಬಣ್ಣಗಳ ಮೋಡ್‌ನಲ್ಲಿ ಇರಬಹುದು, ಜಗಲಿಯ ಬಿಸಿಲಿನಲ್ಲಿ ಕುಳಿತು ಎಡಿಟ್ ಮಾಡುತ್ತಿರಬಹುದು, ಅಥವಾ ಅವರಿಗೆ ಗಿಳಿಹಸಿರೇ ಇಷ್ಟವಿರಬಹುದು. ಯಾವುದೆಂದು ಕೇಳಿದರೆ ತಾನೆ ತಿಳಿಯುವುದು? ಎಲ್ಲರ ಮುಂದೆ ಬೇಡ. ಮುಂದಿನ ಭಾನುವಾರ ತೋಟದಿಂದ ಒಂದು ಕಾಫಿ ಎಲೆ ಕಿತ್ತು ಜೇಬಿನಲ್ಲಿಟ್ಟುಕೊಳ್ಳಿ. ಅವರೊಬ್ಬರೇ ಇರುವಾಗ ಪರದೆಯ ಪಕ್ಕದಲ್ಲಿ ಆ ಎಲೆ ಹಿಡಿದು, ‘ಮೇಷ್ಟ್ರೇ, ಈ ಎರಡು ಹಸಿರು ನಿಮಗೆ ಹೇಗೆ ಕಾಣುತ್ತಿವೆ? ನನಗೆ ಇದು ಹೆಚ್ಚು ಎದ್ದು ಬರುತ್ತಿದೆ’ ಎಂದು ಕೇಳಿ. ನೀವು ತಪ್ಪು ಹಿಡಿದ ಹಾಗಾಗುವುದಿಲ್ಲ. ಎಲೆ ಹಿಡಿದುಕೊಂಡು ಪಾಠ ಕೇಳಿದ ಹಾಗಾಗುತ್ತದೆ. ಜೀವನವಿಡೀ ಪಾಠ ಹೇಳಿದವರಿಗೆ ಅದಕ್ಕಿಂತ ಹಿತವಾದದ್ದಿಲ್ಲ. ಎರಡೂ ಒಂದೇ ಥರ ಕಾಣುತ್ತಿವೆ ಎಂದರೆ ನೆಪ ಮಾಡಿಕೊಂಡಾದರೂ ಅವರನ್ನು ಕಣ್ಣಿನ ಡಾಕ್ಟರ ಬಳಿ ಕರೆದುಕೊಂಡು ಹೋಗಿ. ‘ನನಗೆ ಹೀಗೇ ಇಷ್ಟ’ ಎಂದರೆ ಅಲ್ಲಿಗೆ ಬಿಡಿ, ಅದು ಅವರ ಚಿತ್ರ.

ಮಾತು ಬಿಟ್ಟ ಗೆಳೆಯನ ವಿಷಯದಲ್ಲಿ ನಾನು ನಿಮ್ಮ ಪಕ್ಷ ವಹಿಸಲಾರೆ. ಮೊದಲನೆಯದು, ಬೇಲೂರಿನ ಮದನಿಕೆಯರು ನಿಜಕ್ಕೂ ವಾಲಿಯೇ ಇದ್ದಾರೆ. ಕಂಬದ ತಲೆಗೂ ಸೂರಿಗೂ ನಡುವೆ, ಮುಂದಕ್ಕೆ ಬಾಗಿಸಿ ಕೂರಿಸಿದ ಪ್ರತಿಮೆಗಳವು. ಕೆಳಗೆ ನಿಂತವರ ಕಡೆ ಇಣುಕುವಂತೆ. ಜಗಲಿಯ ಮೇಲೆ ನಿಂತು ಕ್ಯಾಮೆರಾ ಮೇಲೆತ್ತಿದಾಗ ಕಂಬಗಳ ನೇರ ಗೆರೆಗಳು ಒಳಕ್ಕೆ ಬಾಗುತ್ತವೆ ಎಂಬುದು ನಿಜ, ಅದನ್ನು ಸಾಫ್ಟ್‌ವೇರಿನಲ್ಲಿ ತಿದ್ದಬಹುದೆಂಬುದೂ ನಿಜ. ಆದರೆ ಕಂಬವನ್ನು ನೆಟ್ಟಗೆ ಮಾಡಲು ಹೋಗಿ ಮದನಿಕೆಯನ್ನು ಹಿಗ್ಗಿಸಿಬಿಟ್ಟರೆ ಆಕೆಯ ಮೈಕಟ್ಟೇ ಕೆಡುತ್ತದೆ. ನಿಮ್ಮ ಗೆಳೆಯ ಇದನ್ನು ಯೋಚಿಸಿಯೇ ಬಿಟ್ಟಿರಬಹುದು. ‘ವಾಲಿದೆಯಲ್ಲ’ ಎನ್ನುವ ಮೊದಲು ‘ಹೀಗೇ ಇರಲಿ ಎಂದು ಬಿಟ್ಟಿರೋ?’ ಎಂಬ ಒಂದು ಪ್ರಶ್ನೆ ಕೇಳಿದ್ದರೆ ಆತ ಹತ್ತು ನಿಮಿಷ ಖುಷಿಯಿಂದ ಮಾತಾಡುತ್ತಿದ್ದ. ನಿಮಗೂ ಏನಾದರೂ ಸಿಗುತ್ತಿತ್ತು. ಆ ಚಿತ್ರದಲ್ಲಿ ಹೇಳಲೇಬೇಕಾದದ್ದು ಇನ್ನೊಂದಿತ್ತು. ಸೂರಿನಡಿಯ ನೆರಳಿನಲ್ಲೂ ಮುಖದ ವಿವರ ಉಳಿದಿದೆ. ಕಲ್ಲುಹಾಸಿನಿಂದ ಪುಟಿದ ಬೆಳಕಿಗಾಗಿ ಆತ ಬಹಳ ಹೊತ್ತು ಕಾದಿರಬೇಕು. ಅದನ್ನು ಯಾರೂ ಹೇಳಲಿಲ್ಲ.

ಎರಡನೆಯದು, ಆ ಚಿತ್ರವನ್ನು ಆತ ಅಷ್ಟರಲ್ಲಿ ಸ್ಪರ್ಧೆಗೆ ಕಳುಹಿಸಿಯಾಗಿತ್ತು ಎಂದು ನೀವೇ ಪತ್ರದ ಕೊನೆಯಲ್ಲಿ ಸೇರಿಸಿದ್ದೀರಿ. ಬೇಯುತ್ತಿರುವ ಅನ್ನಕ್ಕೆ ನೀರು ಕಡಿಮೆ ಎನ್ನಬಹುದು, ಬಡಿಸಿದ ಅನ್ನಕ್ಕೆ ಹೇಳಿ ಏನು ಪ್ರಯೋಜನ? ಬಾಯಿ ತೆರೆಯುವ ಮುಂಚೆ ‘ಇದು ಮುಗಿದದ್ದೋ, ಇನ್ನೂ ಕೆಲಸ ನಡೆಯುತ್ತಿದೆಯೋ?’ ಎಂದು ಕೇಳುವುದನ್ನು ನಿಮ್ಮ ತಂಡದ ರೂಢಿ ಮಾಡಿಕೊಳ್ಳಿ. ಸದ್ಯಕ್ಕೆ ಆತನ ಮನೆಗೆ ಹೋಗಿ. ಕ್ಷಮೆ ಗಿಮೆ ಎಂದು ದೊಡ್ಡದು ಮಾಡಬೇಡಿ. ಆ ಬೆಳಕನ್ನು ಎಷ್ಟು ಗಂಟೆಗೆ ಹಿಡಿದಿರಿ ಎಂದು ಕೇಳಿ.

ಕೇಳಿಸಿಕೊಳ್ಳುವವರ ಕಷ್ಟ ಹೇಳುವವರದಕ್ಕಿಂತ ದೊಡ್ಡದು. ಚಿತ್ರ ತೋರಿಸಿದ ಮೇಲೆ ಎರಡು ನಿಮಿಷ ಸುಮ್ಮನಿರಿ. ನಾಲ್ಕು ಗಂಟೆಗೆ ಎದ್ದದ್ದು, ಬೈಕು ಕೆಟ್ಟದ್ದು, ಜಿಗಣೆ ಕಚ್ಚಿದ್ದು, ಇವು ಯಾವುವೂ ಚಿತ್ರದೊಳಗೆ ಇರುವುದಿಲ್ಲ. ಅವನ್ನು ಮೊದಲೇ ಹೇಳಿದರೆ ಎದುರಿನವರು ನಿಮ್ಮ ಶ್ರಮಕ್ಕೆ ಮರುಗಿ ಸೂಪರ್ ಎನ್ನುತ್ತಾರೆ. ಬದಲಿಗೆ, ‘ನಿಮ್ಮ ಕಣ್ಣು ಮೊದಲು ಎಲ್ಲಿಗೆ ಹೋಯಿತು? ಆಮೇಲೆ ಎಲ್ಲಿಗೆ?’ ಎಂದು ಕೇಳಿ. ಫೋಟೊಗ್ರಫಿ ಗೊತ್ತಿಲ್ಲದ ನಿಮ್ಮ ಅತ್ತೆಯೂ ಇದಕ್ಕೆ ಸರಿಯಾದ ಉತ್ತರ ಕೊಡಬಲ್ಲರು. ನನ್ನ ಅನುಭವದಲ್ಲಿ ಅವರದೇ ಹೆಚ್ಚು ಪ್ರಾಮಾಣಿಕ ಉತ್ತರ. ‘ಸೂಪರ್’ ಎಂದವರನ್ನೂ ಬಿಡಬೇಡಿ. ‘ಯಾವ ಮೂಲೆ ಸೂಪರ್?’ ಎಂದು ನಗುತ್ತ ಕೇಳಿ. ಹೊಗಳಿಕೆಗೂ ಜಾಗ ತೋರಿಸುವ ಹೊಣೆ ಇದೆ.

ಹಾಗೆಂದು ಏಳು ಜನರ ಏಳು ಸಲಹೆಗಳನ್ನೂ ಒಂದೇ ಚಿತ್ರಕ್ಕೆ ಬಳಿಯಬೇಡಿ. ಒಬ್ಬರು ಎಡವಿದರೆ ಅದು ಅವರ ಚಪ್ಪಲಿಯ ದೋಷವಿರಬಹುದು, ಮೂವರು ಒಂದೇ ಕಡೆ ಎಡವಿದರೆ ಅಲ್ಲೊಂದು ಕಲ್ಲಿದೆ. ಮತ್ತು ಜಕಣಾಚಾರಿಯ ಹಾಗೆ ಕೈಯನ್ನು ಪಣಕ್ಕಿಡಬೇಡಿ. ಹಳೆಯ ಎಡಿಟನ್ನು ಅಳಿಸದೆ ಪ್ರತಿ ಮಾಡಿಟ್ಟುಕೊಂಡು ಹೊಸದನ್ನು ಮಾಡಿ. ಆರು ತಿಂಗಳ ಮೇಲೆ ಹಳೆಯದೇ ಚೆನ್ನಾಗಿತ್ತು ಎನಿಸಿದರೂ ಎನಿಸಬಹುದು.

ಎಲ್ಲವನ್ನೂ ರುಚಿಯ ಪ್ರಶ್ನೆ ಎಂದು ನಾನು ಬಿಡುವುದಿಲ್ಲ. ಮೊಬೈಲಿನ ಸೌಂದರ್ಯ ಫಿಲ್ಟರ್ ಹಾಕಿ ತೋಟದ ಆಳುಮಗಳ ಮುಖವನ್ನು ಬೆಳ್ಳಗೆ ಮಾಡಿದರೆ ನೇರವಾಗಿ ತಪ್ಪು ಎನ್ನಿ. ಭದ್ರಾ ಹಿನ್ನೀರಿನ ನಡುಗಡ್ಡೆಗಳಲ್ಲಿ ರಿವರ್ ಟರ್ನ್ ಹಕ್ಕಿಗಳು ಗೂಡು ಮಾಡುವ ಕಾಲದಲ್ಲಿ ಮೊಟ್ಟೆಯ ಹತ್ತಿರ ಹೋಗಿ ತೆಗೆದ ಚಿತ್ರಕ್ಕೆ ಎಷ್ಟು ಒಳ್ಳೆಯ ಬೆಳಕಿದ್ದರೂ ಹೊಗಳಬೇಡಿ. ಬೇರೆ ದಿನದ ಆಕಾಶ ತಂದು ಅಂಟಿಸಿದ್ದರೆ ಅಂಟಿಸಿದ್ದೇನೆ ಎಂದು ಹೇಳಲಿ, ಅಷ್ಟೇ. ನಿಸರ್ಗ ವಿಭಾಗದ ಸ್ಪರ್ಧೆಗಳಲ್ಲಂತೂ ಇಲ್ಲದ್ದನ್ನು ಸೇರಿಸುವುದಕ್ಕೂ ಇದ್ದದ್ದನ್ನು ಅಳಿಸುವುದಕ್ಕೂ ಅವಕಾಶವಿಲ್ಲ.

ನಿಮ್ಮ ಮಂಜಿನ ಚಿತ್ರವನ್ನು ನಾನು ಎಡಿಟ್ ಮಾಡಿ ಕಳುಹಿಸುತ್ತೇನೆಂದು ನಿರೀಕ್ಷಿಸಿದ್ದಿರೇನೋ. ಮಾಡಲಿಲ್ಲ. ಕೇಳದೆ ಇನ್ನೊಬ್ಬರ ಚಿತ್ರಕ್ಕೆ ಕೈ ಹಾಕುವುದು ಇನ್ನೊಬ್ಬರ ಒಲೆಯ ಮೇಲಿನ ಪಾತ್ರೆಗೆ ಸೌಟು ಹಾಕಿದ ಹಾಗೆ, ನಿಮ್ಮ ತಂಡದಲ್ಲೂ ಇದು ಬೇಡ. ಆದರೆ ಮೂಲ ಫೈಲನ್ನು ದೊಡ್ಡದು ಮಾಡಿ ನೋಡುವಾಗ ಒಂದು ಕಂಡಿತು. ಎಡತುದಿಯಲ್ಲಿ, ಗುಡಿಗೆ ಏರುವ ಮೆಟ್ಟಿಲ ಮೇಲೆ, ಕೆಂಪು ಸೀರೆಯ ಅಜ್ಜಿಯೊಬ್ಬರು ಮೊಣಕಾಲ ಮೇಲೆ ಕೈಯೂರಿ ದಣಿವಾರಿಸಿಕೊಳ್ಳುತ್ತಿದ್ದಾರೆ. ಇಡೀ ಬೂದಿ ಬಣ್ಣದಲ್ಲಿ ಅದೊಂದೇ ಕೆಂಪು. ಎಡಿಟ್ ಮಾಡಿದ್ದರಲ್ಲಿ ನೀವು ಅಂಚುಗಳನ್ನು ಕಪ್ಪಾಗಿಸಿದ್ದೀರಿ, ಆ ಕತ್ತಲಲ್ಲಿ ಅವರು ಕಾಣೆಯಾಗಿದ್ದಾರೆ. ಬೆಟ್ಟದ ಮೇಲೆ ಶಟರ್ ಒತ್ತುವಾಗ ಅವರು ನಿಮಗೆ ಕಂಡಿದ್ದರೇ?